ಪಾಠದ ಯಂತ್ರವೂ ಪಾಠದ ಮೇಷ್ಟ್ರೂ

ಮುಂದೆ ಉಪಾಧ್ಯಾಯನಾಗಬೇಕೆಂದಿರುವ ನನಗೆ, ತರಗತಿಯೊಳಗಿನ ಯಂತ್ರಗಳನ್ನು ಕಂಡರೆ ಆಸೆಯೂ ಉಂಟು, ಅಳುಕೂ ಉಂಟು.

ಯಂತ್ರದಿಂದ ಪಾಠ ಹೇಳಿಸುವ ಯತ್ನ ನಮ್ಮಲ್ಲಿ ಹೊಸತಲ್ಲ. 1975ರ ಆಗಸ್ಟಿನಿಂದ ಒಂದು ವರ್ಷಕಾಲ, ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ಬಂದಿತು. ರಾಯಚೂರು, ಬಿಜಾಪುರ, ಗುಲ್ಬರ್ಗ ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿದ್ದುವು. ಬೆಳಿಗ್ಗೆ ಮಕ್ಕಳಿಗೆ ಪಾಠ. ಸಂಜೆ ಹಿರಿಯರಿಗೆ ಬೇಸಾಯ, ಆರೋಗ್ಯಗಳ ವಿಚಾರ. 1976ರಲ್ಲಿ ಅವಧಿ ಮುಗಿಯಿತು. ಉಪಗ್ರಹವನ್ನು ಬೇರೆಡೆಗೆ ಸರಿಸಿದರು. ಶಾಲೆಗಳಲ್ಲಿ ಮೇಷ್ಟ್ರು ಉಳಿದರು.

2020ರಲ್ಲಿ ಶಾಲೆಗಳು ಮುಚ್ಚಿದಾಗ ನಾನು ಪ್ರೌಢಶಾಲೆಯಲ್ಲಿದ್ದೆ. ಚಂದನ ವಾಹಿನಿಯಲ್ಲಿ ಪಾಠಗಳು ಬರುತ್ತಿದ್ದುವು. ರೇಖಾಗಣಿತದ ಪ್ರಮೇಯವೊಂದು ಚಿತ್ರದಲ್ಲಿ ಚೆನ್ನಾಗಿಯೇ ಕಂಡಿತು. ಆದರೆ ನಡುವಿನ ಒಂದು ಹಂತ ತಿಳಿಯಲಿಲ್ಲ. ಟೀವಿಯನ್ನು ಕೇಳುವುದೆಂತು? ಅಪ್ಪ ಅವ್ವನನ್ನು ಕೇಳೋಣವೆಂದರೆ, ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆಮೇಲೆ ‘ವಿದ್ಯಾಗಮ’ ಆರಂಭವಾಗಿ, ಮೇಷ್ಟ್ರು ನಮ್ಮೂರ ಗುಡಿಯ ಜಗಲಿಗೆ ಬಂದರು. ನನ್ನ ಮುಖ ನೋಡಿದವರೇ, “ಯಾಕೋ, ತಿಳೀಲಿಲ್ವಾ?” ಎಂದು ಸೀಮೆಸುಣ್ಣದಿಂದ ನೆಲದ ಮೇಲೆ ಗೆರೆ ಎಳೆದರು.

ಓದಿದವರ ಮನೆಯ ಮಗುವಿಗೆ ಯಂತ್ರದೊಡನೆ ಮನೆಯವರೂ ಇದ್ದಾರೆ, ನನ್ನಂಥವರಿಗೆ ಮೇಷ್ಟ್ರೊಬ್ಬರೇ.

ಈಗ ಪಠ್ಯಪುಸ್ತಕದ ಕ್ಯೂಆರ್ ಸಂಕೇತಕ್ಕೆ ಫೋನು ಹಿಡಿದರೆ ‘ದೀಕ್ಷಾ’ದಲ್ಲಿ ಪಾಠ ತೆರೆದುಕೊಳ್ಳುತ್ತದೆ. ಫೋನಿಲ್ಲದ ಮನೆಯ ಮಗುವೂ ನೋಡಲೆಂದು ಅದನ್ನು ತರಗತಿಯಲ್ಲಿಯೇ ತೋರಿಸುವೆನು. ತೋರಿಸಿದ ಮೇಲೆ ಯಂತ್ರವನ್ನು ನಿಲ್ಲಿಸಿ, ಹಿಂದಿನ ಬೆಂಚಿನ ಮುಖಗಳನ್ನು ನೋಡುವೆನು.