ಟರ್ಬೊ ಬದಲಿಸುವುದು ಸ್ಪ್ಯಾನರ್ ಕೆಲಸವಷ್ಟೇ ಅಲ್ಲ

ಬಾನೆಟ್ ತೆರೆದು ಹಳೆಯ ಟರ್ಬೊಚಾರ್ಜರನ್ನು ಬಿಚ್ಚಿ, ಅದರ ಜಾಗದಲ್ಲಿ ಸ್ವಲ್ಪ ದೊಡ್ಡದೊಂದನ್ನು ಕೂರಿಸಿದರೆ ಕಾರಿನ ಶಕ್ತಿ ಹೆಚ್ಚುತ್ತದೆ ಎಂಬ ನಂಬಿಕೆ ವೇಗಪ್ರಿಯರಲ್ಲಿ ಬಲವಾಗಿದೆ. ನಂಬಿಕೆ ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ಬಿಚ್ಚಿ ಜೋಡಿಸುವ ಕೆಲಸವನ್ನು ಕೈಪಳಗಿದವರು ಒಂದು ವಾರಾಂತ್ಯದಲ್ಲಿ ಮುಗಿಸಬಲ್ಲರು. ಆ ಬಳಿಕ ಎಂಜಿನ್ ಉಳಿಯುತ್ತದೆಯೋ ಒಡೆಯುತ್ತದೆಯೋ ಎಂಬುದನ್ನು ತೀರ್ಮಾನಿಸುವುದು ಟರ್ಬೊಗೆ ಹರಿಯುವ ಆಯಿಲ್ ಮತ್ತು ಸಿಲಿಂಡರಿಗೆ ಸೇರುವ ಪೆಟ್ರೋಲಿನ ಲೆಕ್ಕ.

ಅಮೆರಿಕದಲ್ಲಿ ಈ ಹವ್ಯಾಸ ಮನೆಯ ಗ್ಯಾರೇಜುಗಳಿಗೆ ಇಳಿದು ಬರುವುದರಲ್ಲಿ ಜಪಾನಿನ ಸುಬಾರು ಕಂಪನಿಯ ಇಂಪ್ರೆಜಾ ಡಬ್ಲ್ಯುಆರ್‌ಎಕ್ಸ್ ಕಾರಿನ ಪಾಲು ದೊಡ್ಡದು. 1995ರಿಂದ 1997ರವರೆಗೆ ಸತತ ಮೂರು ವರ್ಷ ವಿಶ್ವ ರ್‍ಯಾಲಿಯಲ್ಲಿ ತಯಾರಕರ ಪ್ರಶಸ್ತಿ ಗೆದ್ದ ಹೆಸರು ಅದು. 2002ರ ಮಾದರಿಯಾಗಿ ಅಮೆರಿಕಕ್ಕೆ ಬಂದಾಗ ಅದರಲ್ಲಿದ್ದದ್ದು 227 ಅಶ್ವಶಕ್ತಿಯ 2 ಲೀಟರ್ ಎಂಜಿನ್ ಮತ್ತು ಮಿತ್ಸುಬಿಷಿ ತಯಾರಿಸಿದ ಚಿಕ್ಕ ಟರ್ಬೊ. 2004ರ ಮಾದರಿಯಾಗಿ ಬಂದ ಅದರ ಅಣ್ಣ ಎಸ್‌ಟಿಐಗೆ 2.5 ಲೀಟರ್ ಎಂಜಿನ್, 300 ಅಶ್ವಶಕ್ತಿ, ಐಎಚ್‌ಐ ಕಂಪನಿಯ ದೊಡ್ಡ ಟರ್ಬೊ. ಎಸ್‌ಟಿಐ ಮಾಲೀಕರು ಇನ್ನೂ ದೊಡ್ಡದಕ್ಕೆ ಆಸೆಪಟ್ಟು ಬಿಚ್ಚಿ ಮಾರಿದ ಟರ್ಬೊಗಳನ್ನು ಡಬ್ಲ್ಯುಆರ್‌ಎಕ್ಸ್ ಮಾಲೀಕರು ಕೊಂಡು ತಮ್ಮ ಕಾರಿಗೆ ಹಾಕಿಕೊಂಡರು. ಟರ್ಬೊ ಎಂಜಿನ್ನಿನ ಮೇಲ್ಭಾಗದ ಹಿಂಬದಿಯಲ್ಲಿ, ಕೈಗೆಟಕುವಂತೆ ಕುಳಿತಿದ್ದುದು ಇದಕ್ಕೆ ಅನುಕೂಲವಾಯಿತು. ಸುಬಾರು ಭಾರತದಲ್ಲಿ ಕಾರು ಮಾರುವುದಿಲ್ಲ. ಆದರೂ ಈ ಕಾರು ಕಲಿಸುವ ಪಾಠ ನಮ್ಮ ರಸ್ತೆಗಳಲ್ಲಿರುವ ಯಾವುದೇ ಟರ್ಬೊ ಪೆಟ್ರೋಲ್ ಕಾರಿಗೂ ಅನ್ವಯಿಸುತ್ತದೆ.

ಟರ್ಬೊದ ತತ್ವ ಸರಳ. ಸೈಲೆನ್ಸರಿನತ್ತ ಹೊರಟ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಹೆಚ್ಚು ಗಾಳಿ, ಅದಕ್ಕೆ ತಕ್ಕ ಪೆಟ್ರೋಲ್, ಹೆಚ್ಚು ಶಕ್ತಿ. ಒತ್ತಿದ ಗಾಳಿ 100 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುವುದರಿಂದ ಅದನ್ನು ತಣಿಸಲು ಇಂಟರ್‌ಕೂಲರ್ ಬೇಕು. ಡಬ್ಲ್ಯುಆರ್‌ಎಕ್ಸ್ ಬಾನೆಟ್ಟಿನ ಮೇಲೆ ಕಾಣುವ ಗಾಳಿಗಿಂಡಿ ಅಲಂಕಾರಕ್ಕಲ್ಲ, ಅದರ ಕೆಳಗೇ ಇಂಟರ್‌ಕೂಲರ್ ಇದೆ.

ಟರ್ಬೊ ದಂಡ ನಿಮಿಷಕ್ಕೆ ಒಂದೂವರೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು. ಸಾಮಾನ್ಯ ಟರ್ಬೊಗಳಲ್ಲಿ ಅದನ್ನು ಹೊತ್ತು ನಿಂತಿರುವುದು ಕೂದಲೆಳೆಗಿಂತ ತೆಳುವಾದ ಆಯಿಲ್ ಪದರ. ಆ ಪದರ ಕೆಲವು ಕ್ಷಣ ತಪ್ಪಿದರೂ ಲೋಹಕ್ಕೆ ಲೋಹ ತಾಗುತ್ತದೆ. ಹೊಸ ಟರ್ಬೊ ಜೋಡಿಸಿದ ಉತ್ಸಾಹದಲ್ಲಿ ನೇರವಾಗಿ ಕೀಲಿ ತಿರುಗಿಸಿದವರ ಟರ್ಬೊ ಬೇಗನೆ ಕೂಗಲಾರಂಭಿಸುವುದು ಇದರಿಂದಲೇ. ಕ್ರಮ ಹೀಗಿದೆ: ಜೋಡಿಸುವ ಮುನ್ನ ಆಯಿಲ್ ರಂಧ್ರಕ್ಕೆ ಶುದ್ಧ ಆಯಿಲ್ ಸುರಿದು ಚಕ್ರವನ್ನು ಬೆರಳಿನಿಂದ ನಿಧಾನವಾಗಿ ತಿರುಗಿಸಬೇಕು. ಬಳಿಕ ಎಂಜಿನ್ ಹೊತ್ತಿಕೊಳ್ಳದಂತೆ ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು, ಆಯಿಲ್ ಒತ್ತಡದ ದೀಪ ಆರುವವರೆಗೆ ಸ್ಟಾರ್ಟರನ್ನು ಬಿಟ್ಟು ಬಿಟ್ಟು ತಿರುಗಿಸಬೇಕು. ಆಯಿಲ್ ಪೈಪಿನ ತಾಮ್ರದ ವಾಷರುಗಳೂ ಗ್ಯಾಸ್ಕೆಟ್ಟುಗಳೂ ಹೊಸತೇ ಆಗಿರಬೇಕು. ಇಪ್ಪತ್ತು ರೂಪಾಯಿಯ ವಾಷರಿನಲ್ಲಿ ಉಳಿತಾಯ ಮಾಡುವವರನ್ನು ಕಂಡರೆ ಅಚ್ಚರಿಯಾಗುತ್ತದೆ. ಬಿಸಿ ಹೊಗೆಯ ಪೈಪಿನ ಬೋಲ್ಟುಗಳು ಬೆಂದು ಅಂಟಿಕೊಂಡಿರುತ್ತವೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿ ಬಿಡುವುದು ಜಾಣತನ. ಕಾರಿನ ಕೆಳಗೆ ಹೋಗುವಾಗ ಜ್ಯಾಕನ್ನು ಮಾತ್ರ ನಂಬಬಾರದು, ಅದರ ಪಕ್ಕದಲ್ಲಿ ಭದ್ರವಾದ ಸ್ಟ್ಯಾಂಡ್ ಇರಲೇಬೇಕು.

ಸುಬಾರುವಿನ 2.5 ಲೀಟರ್ ಟರ್ಬೊ ಎಂಜಿನ್ನುಗಳಲ್ಲಿ ಟರ್ಬೊಗೆ ಹೋಗುವ ಆಯಿಲ್ ದಾರಿಯ ಬೋಲ್ಟಿನೊಳಗೆ ಒಂದು ಪುಟ್ಟ ಜಾಲರಿ ಇತ್ತು. ಆಯಿಲ್ ಬದಲಿಸಲು ತಡಮಾಡಿದ ಕಾರುಗಳಲ್ಲಿ ಅದು ಜಿಡ್ಡಿನಿಂದ ಕಟ್ಟಿಕೊಂಡು, ಟರ್ಬೊವನ್ನು ಕಾಯಬೇಕಾದ ಭಾಗವೇ ಅದರ ಪ್ರಾಣ ತೆಗೆಯುತ್ತಿತ್ತು. ಒಂದು ಟರ್ಬೊ ಸುಟ್ಟ ಕಾರಣವನ್ನು ಹುಡುಕದೆ ಇನ್ನೊಂದನ್ನು ಹಾಕಿದರೆ ಅದಕ್ಕೂ ಅದೇ ಗತಿ. ಹಳೆಯ ಟರ್ಬೊ ಒಡೆದಿದ್ದರೆ ಲೋಹದ ಚೂರುಗಳು ಆಯಿಲಿನಲ್ಲೂ ಇಂಟರ್‌ಕೂಲರಿನಲ್ಲೂ ಸೇರಿರುತ್ತವೆ, ಎರಡನ್ನೂ ಶುದ್ಧಗೊಳಿಸಲೇಬೇಕು. ಸೆಕೆಂಡ್ ಹ್ಯಾಂಡ್ ಟರ್ಬೊ ಕೊಳ್ಳುವವರು ದಂಡವನ್ನು ಹಿಡಿದು ನೋಡಬೇಕು. ಪಕ್ಕಕ್ಕೆ ಅತಿ ಸಣ್ಣ ಅಲುಗಾಟ ಸಹಜ. ಹಿಂದೆ ಮುಂದೆ ಸರಿಯುವುದು ಕೈಗೆ ತಿಳಿದರೆ ಅದನ್ನು ಅಲ್ಲಿಯೇ ಬಿಟ್ಟು ಬರುವುದು ಲೇಸು.

ಇಷ್ಟೆಲ್ಲ ಸರಿಯಾಗಿ ಮಾಡಿದ ಮೇಲೂ ನಿಜವಾದ ಅಪಾಯ ಮುಂದಿದೆ. ಕಾರಿನ ಕಂಪ್ಯೂಟರಿಗೆ ಗೊತ್ತಿರುವುದು ಹಳೆಯ ಟರ್ಬೊ ಮಾತ್ರ. ಎಷ್ಟು ಗಾಳಿಗೆ ಎಷ್ಟು ಪೆಟ್ರೋಲ್, ಕಿಡಿ ಯಾವಾಗ ಎಂಬ ಅದರ ಕೋಷ್ಟಕವೆಲ್ಲ ಕಾರ್ಖಾನೆಯ ಟರ್ಬೊಗಾಗಿ ಬರೆದದ್ದು. ಪೆಟ್ರೋಲ್ ಪೂರ್ತಿ ಉರಿಯಲು ತೂಕದ ಲೆಕ್ಕದಲ್ಲಿ 14.7 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲ್ ಸಾಕು. ಪೂರ್ಣ ಒತ್ತಡದಲ್ಲಿ ಟರ್ಬೊ ಎಂಜಿನ್ನಿಗೆ ಅಷ್ಟು ಸಾಲದು. ಸಿಲಿಂಡರ್ ತಣ್ಣಗಿರಲೆಂದು ಸುಮಾರು 11 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲ್ ಕೊಡುವುದು ರೂಢಿ. ದೊಡ್ಡ ಟರ್ಬೊ ಹೆಚ್ಚು ಗಾಳಿ ತಂದಾಗ ಹಳೆಯ ಇಂಜೆಕ್ಟರುಗಳು ಅದಕ್ಕೆ ತಕ್ಕ ಪೆಟ್ರೋಲ್ ಒದಗಿಸಲಾರದೆ ಸೋಲಬಹುದು. ಆಗ ಮಿಶ್ರಣ ತೆಳುವಾಗುತ್ತದೆ, ಕಾವು ಏರುತ್ತದೆ, ಇಂಧನ ಕ್ರಮತಪ್ಪಿ ಸಿಡಿಯುತ್ತದೆ. ಮೆಕ್ಯಾನಿಕ್‌ಗಳು ನಾಕಿಂಗ್ ಎನ್ನುವುದು ಇದನ್ನೇ. ಸುಬಾರುವಿನ 2.5 ಲೀಟರ್ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗುಗಳ ನಡುವಿನ ತೆಳುವಾದ ಅಂಚು ಈ ಪೆಟ್ಟಿಗೆ ಮುರಿಯುವುದು ಕುಖ್ಯಾತ. ಚಾಲಕನಿಗೆ ಮುನ್ಸೂಚನೆ ಸಿಗುತ್ತದೆಂಬ ಭರವಸೆಯೂ ಇಲ್ಲ.

ಹಾಗಾಗಿ ಟರ್ಬೊ ಜೊತೆಗೇ ಇಂಜೆಕ್ಟರ್, ಪೆಟ್ರೋಲ್ ಪಂಪ್, ಮಿಶ್ರಣವನ್ನು ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಮತ್ತು ಆ ಕಾರಿಗಾಗಿಯೇ ಬರೆದ ಹೊಸ ಕೋಷ್ಟಕ, ಇವೆಲ್ಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇವಿಲ್ಲದೆ ಹೊರಡುವುದು ಮೂಲ ಟರ್ಬೊದಲ್ಲಿಯೇ ಇರುವುದಕ್ಕಿಂತ ಕೆಟ್ಟದ್ದು. ಅಮೆರಿಕದ ಮಿತ್ರರು ಕಳಿಸಿದ ಕೋಷ್ಟಕವನ್ನು ಇಲ್ಲಿಯ ಕಾರಿಗೆ ತುಂಬುವವರು ಒಂದು ಸಂಗತಿಯನ್ನು ಗಮನಿಸಬೇಕು. ಅಲ್ಲಿನ ಬಂಕಿನಲ್ಲಿ ಬರೆದಿರುವ ಆಕ್ಟೇನ್ ಎರಡು ಬಗೆಯ ಪರೀಕ್ಷೆಗಳ ಸರಾಸರಿ. ನಮ್ಮಲ್ಲಿ ಹೇಳುವುದು ಅವುಗಳಲ್ಲಿ ಹೆಚ್ಚಿನ ಸಂಖ್ಯೆ ಕೊಡುವ ಒಂದೇ ಪರೀಕ್ಷೆಯ ಫಲ. ಅಲ್ಲಿನ 93 ಎಂದರೆ ಇಲ್ಲಿನ ಲೆಕ್ಕದಲ್ಲಿ ಹೆಚ್ಚುಕಡಿಮೆ 98. ಜೊತೆಗೆ ನಮ್ಮ ಪೆಟ್ರೋಲಿನಲ್ಲಿ ಈಗ ಶೇ 20ರಷ್ಟು ಎಥನಾಲ್ ಇದೆ. ಎಥನಾಲ್ ನಾಕಿಂಗನ್ನು ತಡೆಯುತ್ತದೆ ನಿಜ. ಆದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಡುತ್ತದೆ, ಇಂಜೆಕ್ಟರುಗಳ ಹೊರೆ ಮತ್ತಷ್ಟು ಏರುತ್ತದೆ.

ಹೆಚ್ಚಿದ ಶಕ್ತಿಯನ್ನು ಹೊರುವವರು ಬೇರೆಯೂ ಇದ್ದಾರೆ. ಆ ಕಾಲದ ಡಬ್ಲ್ಯುಆರ್‌ಎಕ್ಸ್‌ನ 5 ಗೇರುಗಳ ಪೆಟ್ಟಿಗೆ ಗಾಜಿನಂತೆ ಒಡೆಯುತ್ತದೆಂಬ ಹೆಸರು ಪಡೆದಿತ್ತು. ಎಸ್‌ಟಿಐಗೆ ಗಟ್ಟಿಮುಟ್ಟಾದ 6 ಗೇರುಗಳನ್ನು ಕೊಟ್ಟದ್ದು ಸುಮ್ಮನೆ ಅಲ್ಲ. ಇನ್ನು, ಟರ್ಬೊ ದೊಡ್ಡದಾದಷ್ಟೂ ಎಚ್ಚರಗೊಳ್ಳಲು ಹೆಚ್ಚು ಹೊಗೆ ಬೇಕು, ಹೆಚ್ಚು ಸಮಯ ಬೇಕು. ಬೆಂಗಳೂರಿನ ಸಿಲ್ಕ್ ಬೋರ್ಡ್ ವೃತ್ತದಲ್ಲಿ ಅದು ನಿದ್ದೆಯಿಂದ ಏಳುವುದೇ ಇಲ್ಲ.

ಅಮೆರಿಕದಲ್ಲೂ ಕಾನೂನು ಸುಮ್ಮನಿಲ್ಲ. ಅಲ್ಲಿನ ಆರಂಭದ ಡಬ್ಲ್ಯುಆರ್‌ಎಕ್ಸ್‌ಗಳಲ್ಲಿ ಟರ್ಬೊಗಿಂತ ಮೊದಲೇ ಒಂದು ಹೊಗೆ ಶುದ್ಧೀಕರಣದ ಘಟಕವಿತ್ತು. ಅದು ಒಡೆದರೆ ಚೂರುಗಳು ಟರ್ಬೊ ಚಕ್ರಕ್ಕೇ ಬಡಿಯುತ್ತವೆಂದು ಅನೇಕರು ಅದನ್ನು ಕಿತ್ತು ಹಾಕಿದರು. ಆದರೆ ಕಾನೂನಿನ ಕಣ್ಣಿನಲ್ಲಿ ಅದು ಮಾಲಿನ್ಯ ನಿಯಂತ್ರಣ ವ್ಯವಸ್ಥೆಯನ್ನು ಕೆಡಿಸಿದ ಅಪರಾಧ.

ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಂದ ವಾಹನ ಬೇರೆಯಾಗುವಂತೆ ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡನ್ನೂ ವಿಧಿಸಬಹುದು. ವಿಮಾ ಕಂಪನಿಗೆ ತಿಳಿಸದೆ ಮಾಡಿದ ಮಾರ್ಪಾಟು ಅಪಘಾತದ ಬಳಿಕ ಪರಿಹಾರದ ಅರ್ಜಿಗೆ ಅಡ್ಡ ಬರಬಹುದು. ಕೊಯಮತ್ತೂರಿನ ಕರಿ ಸ್ಪೀಡ್‌ವೇಯಂಥ ರೇಸ್ ಟ್ರ್ಯಾಕಿನಲ್ಲಿ, ಸ್ಪರ್ಧೆಯ ನಿಯಮಗಳಿಗೆ ಒಳಪಟ್ಟು ಓಡುವ ಕಾರಿನ ಮಾತು ಬೇರೆ. ಅಂಥ ಕಾರನ್ನು ಟ್ರ್ಯಾಕಿಗೆ ಲಾರಿಯ ಮೇಲೆ ಹೇರಿಕೊಂಡು ಹೋಗುವುದೇ ವಾಡಿಕೆ.