ಕಸುಬಿನ ಮಾತು: ಉಮರ್ಗಾ, ನಿಲಂಗಾ, ಉದಗೀರ ಪರಿಸರದಲ್ಲಿ ಕನ್ನಡ–ಮರಾಠಿ

ಮಹಾರಾಷ್ಟ್ರದ ಮರಾಠವಾಡಾ ಪ್ರದೇಶವು ಕರ್ನಾಟಕದ ಬೀದರ್ ಮತ್ತು ಕಲಬುರಗಿ ಜಿಲ್ಲೆಗಳನ್ನು ತಾಗುವ ಅಂಚಿನಲ್ಲಿ ಉಮರ್ಗಾ, ನಿಲಂಗಾ, ಉದಗೀರ ಎಂಬ ಮೂರು ತಾಲೂಕು ಕೇಂದ್ರಗಳಿವೆ. ಗಡಿಯನ್ನು ಕುರಿತ ಕನ್ನಡದ ಚರ್ಚೆಗಳಲ್ಲಿ ಕಾಸರಗೋಡು, ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಹೆಸರು ಬಂದಷ್ಟು ಈ ಊರುಗಳ ಹೆಸರು ಬಂದಿಲ್ಲ. ಇಲ್ಲಿನ ಆಡಳಿತ, ಶಿಕ್ಷಣ ಮತ್ತು ಸಾಹಿತ್ಯದ ಭಾಷೆ ಮರಾಠಿ. ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನದ 95ನೆಯ ಅಧಿವೇಶನವು 2022ರ ಏಪ್ರಿಲ್‌ನಲ್ಲಿ ಉದಗೀರದಲ್ಲಿಯೇ ಜರುಗಿತು. ಆದರೆ ಮನೆ ಕಟ್ಟುವ, ಕಂಬಳಿ ನೇಯುವ, ಕಬ್ಬಿಣ ಬಡಿಯುವ, ಬಿತ್ತನೆ ಮಾಡುವ ಕಸುಬುಗಳ ಪದಗಳನ್ನು ಗಮನಿಸಿದರೆ, ನಕಾಶೆ ತೋರಿಸದ ಇನ್ನೊಂದು ಭಾಷಾ ಇತಿಹಾಸ ಕಾಣಿಸುತ್ತದೆ. ಈ ಇತಿಹಾಸಕ್ಕೆ ಶಾಸನವಿಲ್ಲ, ಗ್ರಂಥವಿಲ್ಲ. ಕಸುಬು ನಡೆಯುವವರೆಗೆ ಮಾತ್ರ ಅದಕ್ಕೆ ಆಯುಸ್ಸು.

ಈ ಪ್ರದೇಶವು ಬಾಲಾಘಾಟ ಗುಡ್ಡಸಾಲಿಗೆ ಹೊಂದಿಕೊಂಡ ಪ್ರಸ್ಥಭೂಮಿ. ಬೀಡ ಜಿಲ್ಲೆಯಲ್ಲಿ ಹುಟ್ಟುವ ಮಾಂಜರಾ ನದಿಯು ಲಾತೂರ ಜಿಲ್ಲೆಯನ್ನು ಹಾದು ಬೀದರಿಗೆ ಇಳಿದು, ತೆಲಂಗಾಣದಲ್ಲಿ ಗೋದಾವರಿಯನ್ನು ಸೇರುತ್ತದೆ. ತೇರಣಾ ಅದರ ಮುಖ್ಯ ಉಪನದಿಗಳಲ್ಲೊಂದು. ನೆಲದಡಿಯಲ್ಲಿ ಕಪ್ಪು ಅಗ್ನಿಶಿಲೆ, ಮೇಲೆ ಎರೆಮಣ್ಣು. ಜೋಳ, ತೊಗರಿ, ಕಡಲೆ ಇಲ್ಲಿಯ ಹಳೆಯ ಬೆಳೆಗಳು. ಈಚಿನ ದಶಕಗಳಲ್ಲಿ ಸೋಯಾಬೀನು ಹೆಚ್ಚಿದೆ. ಮಳೆ ಅನಿಶ್ಚಿತ, ಕಾಡು ವಿರಳ. ಹೀಗಾಗಿ ಸಿಕ್ಕಷ್ಟು ಮರವನ್ನು ಜತನದಿಂದ ಬಳಸಿ, ಉಳಿದುದನ್ನು ಕಲ್ಲು ಮತ್ತು ಮಣ್ಣಿನಿಂದ ಪೂರೈಸುವ ಕಟ್ಟಡಕಲೆಯೂ, ಬೋಳುಗುಡ್ಡಗಳ ಹುಲ್ಲನ್ನು ನಂಬಿದ ಕುರಿಸಾಕಣೆಯೂ ಇಲ್ಲಿ ಸಹಜವಾಗಿ ಬೆಳೆದವು. ಗಡಿಯ ಆಚೆಯ ಔರಾದ, ಭಾಲ್ಕಿ, ಬಸವಕಲ್ಯಾಣ, ಆಳಂದ ತಾಲೂಕುಗಳ ಬದುಕು ಇದಕ್ಕಿಂತ ಬಹಳ ಬೇರೆಯಲ್ಲ. ನೆಲ ಒಂದೇ ಆಗಿದ್ದಾಗ ಹತಾರಗಳು ಒಂದೇ ಆಗುವುದು ಸಹಜ. ಹತಾರಗಳೊಂದಿಗೆ ಅವುಗಳ ಹೆಸರೂ ಪಯಣಿಸುತ್ತದೆ.

ರಾಜಕೀಯ ಇತಿಹಾಸವೂ ಈ ನೆರೆತನವನ್ನು ಪೋಷಿಸಿತು. ಕವಿರಾಜಮಾರ್ಗವು ಕನ್ನಡ ನಾಡಿನ ಉತ್ತರದ ಎಲ್ಲೆಯಾಗಿ ಗೋದಾವರಿಯನ್ನು ಹೇಳುತ್ತದೆ. ರಾಷ್ಟ್ರಕೂಟರ ಬಿರುದಿನಲ್ಲಿ ಬರುವ ಲಟ್ಟಲೂರನ್ನು ವಿದ್ವಾಂಸರು ಸಾಮಾನ್ಯವಾಗಿ ಇಂದಿನ ಲಾತೂರಿನೊಂದಿಗೆ ಗುರುತಿಸುತ್ತಾರೆ. ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣವು ಉಮರ್ಗಾ ಮತ್ತು ನಿಲಂಗಾಗಳಿಗೆ ತೀರ ಸಮೀಪ. ನಿಲಂಗಾದ ನೀಲಕಂಠೇಶ್ವರ ಗುಡಿ, ಉಮರ್ಗಾದ ಹಳೆಯ ಮಹಾದೇವ ಗುಡಿಗಳಂತಹ ಕಟ್ಟಡಗಳನ್ನು ಮರಾಠಿಯಲ್ಲಿ ಹದಿಮೂರನೆಯ ಶತಮಾನದ ಯಾದವ ಮಂತ್ರಿ ಹೇಮಾದ್ರಿಯ ಹೆಸರಿನಿಂದ ‘ಹೇಮಾಡಪಂತಿ’ ಎನ್ನುವುದು ರೂಢಿ. ಇದೇ ಬಗೆಯ ಕಲ್ಲುಗೆಲಸ ಗಡಿಯ ಈಚೆ ಕಂಡುಬಂದರೆ ಅದು ‘ಕಲ್ಯಾಣ ಚಾಲುಕ್ಯ ಶೈಲಿ’ ಎನಿಸಿಕೊಳ್ಳುತ್ತದೆ. ಕಲ್ಲುಕುಟಿಗರ ಪರಂಪರೆ ಒಂದೇ ಆದರೂ ಅದಕ್ಕೆ ದೊರೆತ ಹೆಸರುಗಳು ಎರಡು.

ಉದಗೀರದ ಕೋಟೆಯು ಬಹಮನಿ ಮತ್ತು ಬರೀದಶಾಹಿ ಕಾಲದ ನೆನಪುಗಳನ್ನು ಹೊತ್ತಿದೆ. 1636ರಲ್ಲಿ ಅದು ಶಹಜಹಾನನ ಸೇನೆಯ ವಶವಾಯಿತು. 1760ರ ಫೆಬ್ರವರಿಯಲ್ಲಿ ಸದಾಶಿವರಾವ್ ಭಾವುವಿನ ನೇತೃತ್ವದ ಮರಾಠಾ ಸೇನೆ ನಿಜಾಮನ ಪಡೆಯನ್ನು ಸೋಲಿಸಿದ್ದು ಈ ಪರಿಸರದಲ್ಲಿ. ಇಬ್ರಾಹಿಂ ಖಾನ್ ಗಾರ್ದಿಯ ಫಿರಂಗಿ ದಳ ಆ ಗೆಲುವಿನಲ್ಲಿ ಮುಖ್ಯ ಪಾತ್ರ ವಹಿಸಿತು. ಇದೇ ಗೆಲುವಿನ ಹೆಗ್ಗಳಿಕೆಯೊಂದಿಗೆ ಭಾವು ಉತ್ತರಕ್ಕೆ ನಡೆದು, ಮರುವರ್ಷದ ಜನವರಿಯಲ್ಲಿ ಪಾಣಿಪತದಲ್ಲಿ ಮಡಿದನು. ಮುಂದೆ ಈ ನೆಲ ಹೈದರಾಬಾದ ಸಂಸ್ಥಾನದಲ್ಲಿ ಉಳಿಯಿತು. ಅಲ್ಲಿ ದಫ್ತರದ ಭಾಷೆ ಉರ್ದು. ಪ್ರಜೆಗಳ ಭಾಷೆಗಳು ತೆಲುಗು, ಮರಾಠಿ, ಕನ್ನಡ.

1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆಯಾದಾಗ ಬೀದರ ಜಿಲ್ಲೆಯ ಅಹಮದಪುರ, ನಿಲಂಗಾ, ಉದಗೀರ ತಾಲೂಕುಗಳು ಮುಂಬಯಿ ರಾಜ್ಯಕ್ಕೂ, ಜಿಲ್ಲೆಯ ಒಂದು ಭಾಗ ಮೈಸೂರಿಗೂ, ಮತ್ತೊಂದು ಭಾಗ ಆಂಧ್ರಪ್ರದೇಶಕ್ಕೂ ಹೋದವು. ಉಮರ್ಗಾ ಮೊದಲೇ ಉಸ್ಮಾನಾಬಾದ ಜಿಲ್ಲೆಗೆ ಸೇರಿತ್ತು. 1960ರಲ್ಲಿ ಮಹಾರಾಷ್ಟ್ರ ರಚನೆಯಾಯಿತು. 1982ರಲ್ಲಿ ಲಾತೂರ ಪ್ರತ್ಯೇಕ ಜಿಲ್ಲೆಯಾದಾಗ ನಿಲಂಗಾ ಮತ್ತು ಉದಗೀರ ಅದರೊಳಗೆ ಬಂದವು. ಉಸ್ಮಾನಾಬಾದ ಈಗ ಧಾರಾಶಿವ. ಹೀಗೆ ಒಂದೇ ತಲೆಮಾರಿನ ಅವಧಿಯಲ್ಲಿ ಉದಗೀರದ ಬಡಿಗನೊಬ್ಬನ ರಾಜ್ಯ ಎರಡು ಬಾರಿ ಬದಲಾಯಿತು. ಅವನ ಉಳಿ, ಬಾಚಿಗಳು ಬದಲಾಗಲಿಲ್ಲ.

ಇಲ್ಲಿನ ಕಸುಬುಗಳನ್ನು ಹಿಡಿದಿಟ್ಟಿದ್ದ ಗ್ರಾಮವ್ಯವಸ್ಥೆಯನ್ನು ಮರಾಠಿ ‘ಬಾರಾ ಬಲುತೇದಾರ’ ಎಂದೂ ಕನ್ನಡ ‘ಆಯಗಾರರು’ ಎಂದೂ ಕರೆಯುತ್ತದೆ. ಬಡಿಗ, ಕಮ್ಮಾರ, ಕುಂಬಾರ, ಅಗಸ, ಹಡಪದ ಮೊದಲಾದವರು ವರ್ಷವಿಡೀ ಮಾಡಿದ ಕೆಲಸಕ್ಕೆ ಸುಗ್ಗಿಯ ಕಣದಲ್ಲಿ ಧಾನ್ಯದ ಪಾಲು ಪಡೆಯುತ್ತಿದ್ದರು. ಈ ವ್ಯವಸ್ಥೆಯೊಳಗಿನ ಜಾತಿಯ ಮೇಲು–ಕೀಳುಗಳು ಕಠೋರವಾಗಿದ್ದವು. ಅದನ್ನು ಕೇವಲ ಸಹಬಾಳ್ವೆಯ ಚಿತ್ರವಾಗಿ ನೋಡಲಾಗದು. ಆದರೆ ಭಾಷೆಯ ದೃಷ್ಟಿಯಿಂದ ಅದರ ಪರಿಣಾಮ ಮಹತ್ವದ್ದು: ಕನ್ನಡದ ಮನೆಯ ಕುಂಟೆಯನ್ನು ಮರಾಠಿಯ ಕಮ್ಮಾರ ತಿದ್ದಿದಾಗ, ಮರಾಠಿಯ ಮನೆಗೆ ಕನ್ನಡದ ಕುಂಬಾರ ಗಡಿಗೆ ಒಯ್ದಾಗ, ವಸ್ತುವಿನ ಹೆಸರು ಇಬ್ಬರಿಗೂ ಅರ್ಥವಾಗಲೇಬೇಕಿತ್ತು.

ಇದಕ್ಕೆ ಸ್ಪಷ್ಟವಾದ ಉದಾಹರಣೆ ಅಡಕೆ ಕತ್ತರಿಸುವ ಸಾಧನ. ಲಾತೂರು ತನ್ನ ಹಿತ್ತಾಳೆ ಸಾಮಾನುಗಳಿಗೂ ‘ಅಡಕಿತ್ತಾ’ಗಳಿಗೂ ಹೆಸರಾಗಿತ್ತು. ಅಡಕೆಗೆ ಮರಾಠಿಯ ಪದ ‘ಸುಪಾರಿ’. ಹಾಗಿದ್ದರೂ ಅದನ್ನು ಕತ್ತರಿಸುವ ಸಾಧನದ ಹೆಸರಿನಲ್ಲಿ ಸುಪಾರಿ ಇಲ್ಲ, ‘ಅಡಕೆ’ ಇದೆ. ಕನ್ನಡದ ಅಡಕೊತ್ತು, ಅಡಕತ್ತರಿಗಳ ಪಕ್ಕದಲ್ಲಿಟ್ಟಾಗ ಮಾತ್ರ ಆ ಪದ ಬಿಡಿಸಿಕೊಳ್ಳುತ್ತದೆ. ಅಡಕೆ ಇಲ್ಲಿ ಬೆಳೆಯುವುದಿಲ್ಲ. ದಕ್ಷಿಣದಿಂದ ಸರಕು ಬಂದ ದಾರಿಯಲ್ಲಿಯೇ ಸಾಧನದ ಹೆಸರೂ ಬಂದಿರಬೇಕು. ಮರಾಠಿಯ ‘ಮಡಕೆ’, ‘ತೂಪ’ಗಳು ಕನ್ನಡದ ಮಡಕೆ, ತುಪ್ಪಗಳನ್ನು, ‘ಕೋಯತಾ’ ಎಂಬ ಕುಡುಗೋಲಿನ ಹೆಸರು ಕನ್ನಡದ ‘ಕೊಯ್ಯು’ ಧಾತುವನ್ನು ನೆನಪಿಸುತ್ತವೆ. ಬಿತ್ತನೆಯ ಕೂರಿಗೆಗೆ ಮರಾಠಿಯಲ್ಲಿ ‘ಕುರೀ’ ಎಂಬ ಪದವೂ ಇದೆ, ಮೂರು ತಾಳಿನದಕ್ಕೆ ‘ತಿಫಣ’ ಎಂಬ ಹೆಸರೂ ಇದೆ. ಮೊದಲನೆಯದು ಕನ್ನಡದ ನೆರೆಯ ಪದ. ಎರಡನೆಯದು ಮರಾಠಿ ತನ್ನದೇ ಸಾಮಗ್ರಿಯಿಂದ ಕಟ್ಟಿಕೊಂಡದ್ದು. ಕೊಡು–ಕೊಳ್ಳುವಿಕೆ ಒಮ್ಮುಖವಾದುದಲ್ಲ ಎಂಬುದಕ್ಕೆ ಬೀದರ ಕನ್ನಡದಲ್ಲಿ ಹಾಸುಹೊಕ್ಕಾಗಿರುವ ಮರಾಠಿ ಮತ್ತು ಉರ್ದು ಪದಗಳೇ ಸಾಕ್ಷಿ.

ಕಂಬಳಿಯ ಕಸುಬು ಇನ್ನೊಂದು ಬಗೆಯ ಸಾಕ್ಷ್ಯ ನೀಡುತ್ತದೆ. ಕುರಿಯ ಉಣ್ಣೆಯನ್ನು ಕತ್ತರಿಸಿ, ಹಿಂಜಿ, ನೂತು, ಹಾಸಿನ ನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿ, ಬಿಗಿದು, ಕುಣಿಮಗ್ಗದಲ್ಲಿ ನೇಯುವ ಕ್ರಮ ಗಡಿಯ ಎರಡೂ ಕಡೆ ಒಂದೇ. ಗಂಜಿಯಿಂದ ನೂಲು ಗಟ್ಟಿಯಾಗಿ ನೇಯ್ಗೆಗೆ ತಡೆದುಕೊಳ್ಳುತ್ತದೆ. ಈ ಹೊದಿಕೆಗೆ ಕನ್ನಡದಲ್ಲಿ ಕಂಬಳಿ, ಮರಾಠಿಯಲ್ಲಿ ಘೋಂಗಡಿ, ತೆಲುಗಿನಲ್ಲಿ ಗೊಂಗಡಿ. ಕುರಿ ಸಾಕುವ ಕುರುಬ ಮತ್ತು ಧನಗರ ಸಮುದಾಯಗಳ ದೈವವೂ ಹೀಗೆಯೇ: ಕನ್ನಡದ ಮೈಲಾರ, ತೆಲುಗಿನ ಮಲ್ಲಣ್ಣ, ಮರಾಠಿಯ ಖಂಡೋಬಾ. ಗುಂಥರ್ ಸೋಂತೈಮರ್ ಅವರು ಪಶುಪಾಲಕರ ದೈವಗಳನ್ನು ಕುರಿತು ನಡೆಸಿದ ಅಧ್ಯಯನಗಳು ಈ ಮೂರು ಭಾಷೆಗಳ ಒಣಭೂಮಿಯನ್ನು ಒಂದೇ ಸಾಂಸ್ಕೃತಿಕ ವಲಯವಾಗಿ ಕಾಣಲು ದಾರಿ ಮಾಡಿಕೊಟ್ಟಿವೆ.

ದನಗಳ ತಳಿಸಂವರ್ಧನೆಯನ್ನೂ ಈ ಪ್ರದೇಶದ ಕಸುಬೆಂದೇ ಎಣಿಸಬೇಕು. ಹಿಂದೆ ಉದಗೀರ ತಾಲೂಕಿಗೆ ಸೇರಿದ್ದ, ಈಗ ಪ್ರತ್ಯೇಕ ತಾಲೂಕಾಗಿರುವ ದೇವಣಿಯ ಹೆಸರಿನ ಗೋತಳಿ ಹಾಲಿಗೂ ಉಳುಮೆಗೂ ಒದಗುತ್ತದೆ. ಮೈಬಣ್ಣವನ್ನು ಅನುಸರಿಸಿ ಅದರಲ್ಲಿ ಮೂರು ಬಗೆ: ಪೂರ್ಣ ಬಿಳಿಯ ಬಾಲಂಕ್ಯಾ, ಬಿಳಿ ಮೈಗೆ ಮುಖದಲ್ಲಿ ಕಪ್ಪಿರುವ ವಾನೇರಾ, ಕಪ್ಪು ಮಚ್ಚೆಗಳ ಶೇವೇರಾ. ಬೀದರ ಜಿಲ್ಲೆಯ ರೈತರೂ ಇದೇ ತಳಿಯನ್ನು ಸಾಕುತ್ತಾರೆ. ಹಳ್ಳಿಖೇಡದಲ್ಲಿ ಇದರ ಸಂವರ್ಧನಾ ಕೇಂದ್ರವಿದೆ. ತಳಿಯನ್ನು ರೂಪಿಸಿದ್ದು ಯಾವ ಒಂದು ಭಾಷೆಯ ಸಮುದಾಯವೂ ಅಲ್ಲ. ತಲೆಮಾರುಗಳ ಕಾಲ ಹೋರಿಯನ್ನು ಆಯ್ದ ಕಣ್ಣು ಮತ್ತು ದನದ ಸಂತೆಯ ಚೌಕಾಸಿ ಅದನ್ನು ರೂಪಿಸಿದವು.

ಜಾನ್ ಗಂಪರ್ಝ್ ಮತ್ತು ರಾಬರ್ಟ್ ವಿಲ್ಸನ್ ಅವರು 1971ರಲ್ಲಿ ಪ್ರಕಟಿಸಿದ ಕುಪವಾಡ ಗ್ರಾಮದ ಅಧ್ಯಯನ ಇಲ್ಲಿ ನೆನಪಾಗುವುದು ಸಹಜ. ಸಾಂಗಲಿ ಜಿಲ್ಲೆಯ ಆ ಊರಿನಲ್ಲಿ ಕನ್ನಡ, ಮರಾಠಿ, ಉರ್ದುಗಳ ವಾಕ್ಯರಚನೆ ಬಹುಮಟ್ಟಿಗೆ ಒಂದಾಗಿದ್ದರೂ ಪದಗಳು ಬೇರೆಬೇರೆಯಾಗಿಯೇ ಉಳಿದಿದ್ದವು. ಮನೆಯ ಭಾಷೆಯ ಪದಗಳು ಸಮುದಾಯದ ಗುರುತನ್ನು ಕಾಯುತ್ತಿದ್ದವು. ಕಸುಬಿನ ಪದಗಳು ಈ ನಿಯಮಕ್ಕೆ ಪೂರ್ತಿ ಒಳಪಡುವುದಿಲ್ಲ. ಅಡಕಿತ್ತಾ, ಮಡಕೆ, ಕುರೀಗಳು ಸಮುದಾಯದ ಬೇಲಿಯನ್ನು ದಾಟಿವೆ. ಬಂಧುವಾಚಕ ಅಥವಾ ಆಚರಣೆಯ ಪದ ಆಡುವವನು ಯಾರೆಂದು ಹೇಳುತ್ತದೆ. ಹತಾರದ ಪದ ಕೆಲಸ ಏನೆಂದು ಹೇಳುತ್ತದೆ. ದ್ವಿಭಾಷಿಕ ಪ್ರದೇಶದ ಪದಸಂಪತ್ತನ್ನು ಅಳೆಯುವಾಗ ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ತೀರ್ಮಾನ ತಪ್ಪುತ್ತದೆ.

ಇಷ್ಟಾದರೂ ಪದದ ಮೂಲವನ್ನು ನೆಲದ ಮೇಲಿನ ಹಕ್ಕುಪತ್ರವಾಗಿ ಓದಬಾರದು. ಶಂ. ಬಾ. ಜೋಶಿಯವರು ಸ್ಥಳನಾಮಗಳ ಆಧಾರದಿಂದ ಕನ್ನಡದ ಪ್ರಾಚೀನ ವ್ಯಾಪ್ತಿಯನ್ನು ಉತ್ತರಕ್ಕೆ ವಿಸ್ತರಿಸಿ ತೋರಿಸಿದರು. ಉಮರ್ಗಾ ತಾಲೂಕಿನ ಆಲೂರು, ಯೇಣೆಗೂರುಗಳಂತಹ ಹೆಸರುಗಳು ಆ ವಾದಕ್ಕೆ ಒದಗುತ್ತವೆ. ಆದರೆ ಉದಗೀರದ ಬಳಿಯ ‘ಹತ್ತಿಬೇಟ’ ಎಂಬ ಗುಡ್ಡದ ಹೆಸರನ್ನು ನೋಡಬಹುದು. ಮರಾಠಿಯಲ್ಲಿ ‘ಹತ್ತೀ’ ಎಂದರೆ ಆನೆ, ‘ಬೇಟ’ ಎಂದರೆ ನಡುಗಡ್ಡೆ. ಕನ್ನಡದ ಕಿವಿಗೆ ಕೇಳಿಸುವುದು ‘ಬೆಟ್ಟ’. ಎರಡು ಭಾಷೆಗಳೂ ತಂತಮ್ಮ ವ್ಯುತ್ಪತ್ತಿಯನ್ನು ಸಿದ್ಧವಾಗಿಟ್ಟುಕೊಂಡಿರುವಾಗ ಕೇವಲ ಧ್ವನಿಸಾಮ್ಯದಿಂದ ತೀರ್ಪು ಕೊಡಲಾಗದು. ಪದಗಳು ಜನ ಕೂಡಿ ಬಾಳಿದುದಕ್ಕೆ ಸಾಕ್ಷಿ; ಯಾರು ಮೊದಲು ಬಾಳಿದರೆಂಬುದಕ್ಕೆ ಅಷ್ಟು ಸುಲಭದ ಸಾಕ್ಷಿಯಲ್ಲ.

ಕಸುಬು ಮತ್ತು ಮಾತು ಒಟ್ಟಿಗೆ ಕುಸಿದ ಪ್ರಸಂಗವೂ ಈ ನೆಲದಲ್ಲಿಯೇ ನಡೆಯಿತು. ಇಲ್ಲಿನ ಸಾಂಪ್ರದಾಯಿಕ ಮನೆ ಮಣ್ಣಿನ ಚಾವಣಿಯದು. ಕನ್ನಡದಲ್ಲಿ ಮಾಳಿಗೆ, ಮರಾಠಿಯಲ್ಲಿ ‘ಮಾಳವದ’. ಕಂಬ, ತೊಲೆಗಳ ಚೌಕಟ್ಟಿನ ಮೇಲೆ ಹಲಗೆ ಹಾಸಿ, ಹಳೆಯ ಊರುನೆಲದ ಬಿಳಿಮಣ್ಣನ್ನು ದಪ್ಪವಾಗಿ ಹರಡುತ್ತಿದ್ದರು. ಮರಾಠಿ ರೈತನು ಹೊಲವನ್ನು ‘ಕಾಳೀ’, ಊರನ್ನು ‘ಪಾಂಢರೀ’ ಎನ್ನುವುದು ಈ ಎರಡು ಮಣ್ಣುಗಳ ಬಣ್ಣದಿಂದಲೇ. ಕಂಬಗಳ ನಡುವಣ ಅಂತರ ಕನ್ನಡದಲ್ಲಿ ಅಂಕಣ, ಮರಾಠಿಯಲ್ಲಿ ಖಣ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಎರಡೂ ಸಲ್ಲುತ್ತವೆ. ಮನೆಯ ಅಳತೆಯನ್ನು ಹೇಳುತ್ತಿದ್ದುದು ಈ ಲೆಕ್ಕದಲ್ಲಿ. ಸುತ್ತಲಿನ ಗೋಡೆ ಮಾತ್ರ ಕೆತ್ತದ ಕಲ್ಲನ್ನು ಮಣ್ಣಿನಲ್ಲಿ ಕೂಡಿಸಿದ್ದು. ಬೇಸಿಗೆಯ ಧಗೆಯನ್ನು ಅದು ತಡೆಯುತ್ತಿತ್ತು. ನೆಲದ ನಡುಕವನ್ನು ತಡೆಯಲಿಲ್ಲ.

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲಾರಿ ಪರಿಸರದಲ್ಲಿ 6.2 ಪ್ರಮಾಣದ ಭೂಕಂಪವಾಯಿತು. ಔಸಾ, ಉಮರ್ಗಾ, ನಿಲಂಗಾ ತಾಲೂಕುಗಳ ಹಳ್ಳಿಗಳಲ್ಲಿ ಮಲಗಿದ್ದ ಎಂಟರಿಂದ ಹತ್ತು ಸಾವಿರ ಜನ ಕಲ್ಲು–ಮಣ್ಣುಗಳ ಅಡಿಯಲ್ಲಿ ಸತ್ತರು. ಗಟ್ಟಿಯಾದ ಮರದ ಚೌಕಟ್ಟಿದ್ದ ಅನೇಕ ಮನೆಗಳಲ್ಲಿ ಗೋಡೆ ಹೊರಕ್ಕೆ ಬಿದ್ದರೂ ಚಾವಣಿ ನಿಂತು ಒಳಗಿದ್ದವರನ್ನು ಉಳಿಸಿತೆಂಬುದನ್ನು ಮುಂದಿನ ತಾಂತ್ರಿಕ ಅಧ್ಯಯನಗಳು ಗುರುತಿಸಿದವು. ಬಡಿಗನ ವಿದ್ಯೆಗೆ ದೊರೆತ ಈ ಪ್ರಮಾಣಪತ್ರ ತಡವಾಗಿ ಬಂದಿತು. ಜನ ಕಲ್ಲಿಗೂ ಮಾಳವದಕ್ಕೂ ಅಂಜಿದರು; 52 ಗ್ರಾಮಗಳು ಹೊಸ ಜಾಗಕ್ಕೆ ಸ್ಥಳಾಂತರಗೊಂಡವು; ಕಾಂಕ್ರೀಟಿನ ಮನೆಗಳು ಸಾಲಾಗಿ ಎದ್ದವು. ಆ ಭಯ ನ್ಯಾಯವಾದದ್ದು, ಹಳೆಯ ಮನೆಗೆ ಮರಳಿರೆಂದು ಯಾರೂ ಹೇಳಲಾಗದು. ಆದರೆ ಚದರಡಿಯ ಲೆಕ್ಕದ ಮನೆಯಲ್ಲಿ ಖಣಕ್ಕೂ ಅಂಕಣಕ್ಕೂ ಕೆಲಸವಿಲ್ಲ. ಟ್ರ್ಯಾಕ್ಟರು ಕೂರಿಗೆಯನ್ನೂ, ಸ್ಟೀಲು ಮಡಕೆಯನ್ನೂ, ಗಿರಣಿಯ ಚಾದರ ಕಂಬಳಿಯನ್ನೂ ಹೀಗೆಯೇ ಬದಿಗೆ ಸರಿಸಿವೆ.

ಜನಗಣತಿಯು ಮಾತೃಭಾಷೆಯನ್ನೂ ತಿಳಿದಿರುವ ಇತರ ಎರಡು ಭಾಷೆಗಳನ್ನೂ ದಾಖಲಿಸುತ್ತದೆ. ಮರಾಠಿಯನ್ನೇ ಆಡುವ ಕಮ್ಮಾರನ ಕುಲುಮೆಯಲ್ಲಿ ಬದುಕಿರುವ ಕನ್ನಡದ ಪದವನ್ನು ದಾಖಲಿಸಲು ಅದರಲ್ಲಿ ಅಂಕಣವಿಲ್ಲ. ಆ ಕೆಲಸ ಕ್ಷೇತ್ರಕಾರ್ಯದ ಪಾಲಿಗೆ ಉಳಿದಿದೆ. ಒಂದೊಂದು ಕಸುಬನ್ನೇ ಘಟಕವಾಗಿ ಹಿಡಿದು, ಹತಾರದ ಭಾಗಗಳನ್ನೂ ಕೆಲಸದ ಹಂತಗಳನ್ನೂ ಉಮರ್ಗಾ–ಬಸವಕಲ್ಯಾಣ, ನಿಲಂಗಾ–ಭಾಲ್ಕಿ, ಉದಗೀರ–ಔರಾದಗಳಂತಹ ಎದುರುಬದುರಿನ ಜೋಡಿಗಳಲ್ಲಿ, ಕನ್ನಡ ಮತ್ತು ಮರಾಠಿ ಬಲ್ಲ ಸಂಶೋಧಕರು ಒಟ್ಟಿಗೆ ಸಂಗ್ರಹಿಸಬೇಕಾಗಿದೆ. ವೃತ್ತಿಪದಕೋಶವೆಂದರೆ ವಸ್ತುಸಂಗ್ರಹಾಲಯದ ಚೀಟಿಗಳಲ್ಲ. ವಸ್ತುವನ್ನು ಕೈಯಲ್ಲಿ ಹಿಡಿದು ಹೆಸರು ಹೇಳಬಲ್ಲವರು ಇರುವಾಗ ಮಾತ್ರ ಅದು ಸಾಧ್ಯ. ಮಾಳಿಗೆ ಕಟ್ಟಿದ ಕೈಗಳು ಈಗ ವೃದ್ಧರ ಕೈಗಳು. ಅವರ ನಂತರ ಈ ಪದಗಳು ನಿಘಂಟಿನಲ್ಲಿ ಉಳಿದರೂ, ಅವು ಕೆಲಸದಲ್ಲಿ ಎಲ್ಲಿ ಕೂಡುತ್ತಿದ್ದವೆಂದು ತೋರಿಸುವವರು ಇರುವುದಿಲ್ಲ.