ಹಗುರ ಗಂಟಿನ ಸೈಕಲ್ ಯಾತ್ರೆ: ಅರೆಕೆರೆಯಿಂದ ಶ್ರೀರಂಗಪಟ್ಟಣದ ದ್ವೀಪಕ್ಕೆ

ದ್ವೀಪವೆಂದೊಡನೆ ನಮ್ಮವರಿಗೆ ಸಮುದ್ರವೂ ಹಡಗೂ ಪರದೇಶವೂ ನೆನಪಾಗುತ್ತವೆ. ಕಾವೇರಿಯು ಎರಡು ಕವಲಾಗಿ ಒಡೆದು, ಕೆಲವು ಮೈಲಿ ಹರಿದು, ಮತ್ತೆ ಒಂದಾಗುವ ಎಡೆಗಳಲ್ಲಿ ನಮ್ಮ ನಾಡಿನೊಳಗೇ ದ್ವೀಪಗಳು ಹುಟ್ಟಿವೆಯೆಂಬುದು ಮರೆತೇಹೋಗುತ್ತದೆ. ಅಂಥವುಗಳಲ್ಲಿ ಶ್ರೀರಂಗಪಟ್ಟಣ ಒಂದು, ಶಿವನಸಮುದ್ರ ಇನ್ನೊಂದು. ಅರೆಕೆರೆ ಭಾಗದ ನಮ್ಮ ಮನೆತನಗಳ ಆರು ಮಂದಿ ತರುಣ ತರುಣಿಯರು ಇವುಗಳಲ್ಲೊಂದನ್ನು ಸೈಕಲ್ಲಿನಲ್ಲಿ ಸುತ್ತಿಬರುವ ಸಂಕಲ್ಪ ಮಾಡಿದ್ದಾರೆ. ಹಿಂದೆ ಸಾಮಾನು ಹೊರುವ ವಾಹನವಿರಬಾರದು, ರಾತ್ರಿ ದಾರಿಯ ಬದಿಯ ವಸತಿಗೃಹಗಳಲ್ಲಿ ತಂಗಬೇಕು ಎಂಬುದು ಅವರ ನಿಯಮ. ಅವರ ತಂದೆತಾಯಿಗಳಲ್ಲಿ ಕೆಲವರು ನಮ್ಮಲ್ಲಿಗೆ ಬಂದು, "ನೀವಾದರೂ ಬುದ್ಧಿ ಹೇಳಿ, ಬುದ್ಧಿ" ಎಂದರು. ಹೋಗಬೇಡಿರೆಂದು ಹೇಳಲು ನಮಗೆ ಮನಸ್ಸಾಗಲಿಲ್ಲ. ಹೇಗೆ ಹೋಗಬೇಕೆಂಬುದನ್ನು ಯೋಚಿಸಿ ಹೇಳುವೆವೆಂದು ಒಪ್ಪಿಕೊಂಡೆವು. ಆ ಯೋಚನೆಯ ಫಲವೇ ಈ ಲೇಖನ.

ಮೊದಲಿಗೆ ದ್ವೀಪದ ಆಯ್ಕೆ. ಶಿವನಸಮುದ್ರದ ಜಲಪಾತಗಳೂ, 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತನ್ನು ಕಳುಹಿಸಿದ ಅಲ್ಲಿನ ಉತ್ಪಾದನಾ ಕೇಂದ್ರವೂ ಪ್ರಸಿದ್ಧ. ಆದರೆ ಅಲ್ಲಿ ತಂಗುವ ಅನುಕೂಲ ಕಡಿಮೆ. ಬಂಡೆಗಳ ನಡುವಿನ ನೀರು ತರುಣರನ್ನು ಸೆಳೆಯುವ ಬಗೆಯದು. ಶ್ರೀರಂಗಪಟ್ಟಣವಾದರೋ ಉದ್ದ ಸುಮಾರು ಮೂರು ಮೈಲಿ, ಅಗಲ ಒಂದು ಮೈಲಿ. ಸೈಕಲ್ಲಿನವನಿಗೆ ಒಂದು ಹಗಲಿಗೆ ಹೇಳಿಮಾಡಿಸಿದ ಅಳತೆ. ಊರಿನಲ್ಲಿ ವಸತಿಗೃಹಗಳುಂಟು, ಹತ್ತಿರದಲ್ಲೇ ಮೈಸೂರು.

ಎರಡನೆಯದು ದಾರಿ. ನೇರವಾದದ್ದು ಮೈಸೂರು ಹೆದ್ದಾರಿ. ಆದರೆ 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೂ ಮೋಟಾರಿಲ್ಲದ ಬಂಡಿಗಳಿಗೂ ಪ್ರವೇಶ ನಿಷಿದ್ಧ. ಪಕ್ಕದ ಸೇವಾ ರಸ್ತೆಯಲ್ಲಿ ಬಸ್ಸು, ಟ್ರ್ಯಾಕ್ಟರ್, ಸ್ಕೂಟರುಗಳ ನಡುವೆ ನುಸುಳುವುದರಲ್ಲಿ ಯಾವ ಸುಖವೂ ಇಲ್ಲ. ಆದ್ದರಿಂದ ನಾವು ಸೂಚಿಸಿದ್ದು ಕನಕಪುರದ ಮಾರ್ಗ. ಅರೆಕೆರೆಯಿಂದ ಕೊತ್ತನೂರು ದಿಣ್ಣೆಯ ಮೂಲಕ ಕೋಣನಕುಂಟೆ ಕ್ರಾಸ್ ಸೇರಿ, ತಲಘಟ್ಟಪುರ, ಕಗ್ಗಲೀಪುರ, ಹಾರೋಹಳ್ಳಿ, ಕನಕಪುರ, ಸಾತನೂರು, ಹಲಗೂರುಗಳನ್ನು ದಾಟಿ ಮಳವಳ್ಳಿಗೆ ಸುಮಾರು ನೂರು ಕಿಲೋಮೀಟರು. ಅಲ್ಲಿ ರಾತ್ರಿ ತಂಗುವುದು. ಮರುದಿನ ಕಿರುಗಾವಲು, ಬನ್ನೂರು, ಅರಕೆರೆಗಳ ಮೇಲೆ ಶ್ರೀರಂಗಪಟ್ಟಣಕ್ಕೆ ಸುಮಾರು ಐವತ್ತು ಕಿಲೋಮೀಟರು. ಹೌದು, ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿಯೂ ಒಂದು ಅರಕೆರೆ ಇದೆ. ಅರೆಕೆರೆಯವರು ಅರಕೆರೆಯಲ್ಲಿ ಮಜ್ಜಿಗೆ ಕುಡಿದು ಮುಂದೆ ಹೋಗಲಿ ಎಂದು ನಾವು ನಗೆಯಾಡಿದೆವು.

ಮೊದಲ ದಿನದ ನೂರು ಕಿಲೋಮೀಟರು ಏರಿಳಿತದ ದಾರಿ. ಅಭ್ಯಾಸವಿಲ್ಲದವರಿಗೆ ಅದು ಕಷ್ಟ. ತಿಂಗಳ ಮೊದಲಿನಿಂದ ವಾರಕ್ಕೆರಡು ಬಾರಿ ಹಾರೋಹಳ್ಳಿಯವರೆಗೆ ಹೋಗಿಬಂದವರು ಮಾತ್ರ ಒಂದೇ ದಿನದಲ್ಲಿ ಮಳವಳ್ಳಿ ಮುಟ್ಟಲಿ. ಉಳಿದವರು ಕನಕಪುರದಲ್ಲಿ ಒಂದು ರಾತ್ರಿ ಹೆಚ್ಚಿಗೆ ತಂಗುವುದರಲ್ಲಿ ಅವಮಾನವೇನಿಲ್ಲ. ಅಲ್ಲಿ ದೇಗುಲ ಮಠದ ದರ್ಶನವೂ ಆದೀತು. ಕನಕಪುರ, ಸಾತನೂರು ಕಡೆಯ ಕಾಡಂಚಿನಲ್ಲಿ ಆನೆಗಳ ಸಂಚಾರವಿರುವುದರಿಂದ ನಸುಕಿನಲ್ಲಿಯೂ ಕತ್ತಲಾದ ಮೇಲೂ ಅಲ್ಲಿ ಸೈಕಲ್ ತುಳಿಯಬಾರದು. ಸುಗ್ಗಿಯ ಕಾಲದಲ್ಲಿ ರೈತರು ರಾಗಿ, ಹುರುಳಿಗಳನ್ನು ಡಾಂಬರು ರಸ್ತೆಯ ಮೇಲೆಯೇ ಒಕ್ಕಣೆಗೆ ಹಾಸಿರುತ್ತಾರೆ. ಹುರುಳಿಯ ಬಳ್ಳಿ ಸೈಕಲ್ಲಿನ ಚೈನಿಗೆ ಸುತ್ತಿಕೊಂಡರೆ ಬಿಡಿಸಲು ಅರ್ಧ ಗಂಟೆ ಹಿಡಿಯುತ್ತದೆ. ಇಳಿದು ತಳ್ಳಿಕೊಂಡು ಹೋಗುವುದೇ ಲೇಸು. ಒಕ್ಕುವವರಿಗೂ ಅದರಿಂದ ಸಂತೋಷ. ಮಂಡ್ಯದ ಸೀಮೆಗೆ ಬಂದರೆ ಕಬ್ಬಿನ ಟ್ರ್ಯಾಕ್ಟರುಗಳು. ಹೇರು ಎರಡೂ ಬದಿಗೆ ಚಾಚಿರುತ್ತದೆ, ಹಿಂದೆ ದೀಪವಿರುವುದಿಲ್ಲ. ಅವುಗಳ ಹಿಂದೆ ಅಂಟಿಕೊಂಡು ಹೋಗಬಾರದು.

ಇನ್ನು ಗಂಟಿನ ಮಾತು. ಒಬ್ಬರಿಗೆ ಐದು ಕಿಲೋ ಮೀರಬಾರದೆಂದು ನಾವು ಹೇಳಿದಾಗ ಒಬ್ಬ ತಾಯಿ, "ಐದು ಕಿಲೋ ಆದರೆ ಚಕ್ಕುಲಿ ಡಬ್ಬಕ್ಕೇ ಸಾಲದಲ್ಲ ಬುದ್ಧಿ" ಎಂದರು. ಚಕ್ಕುಲಿ ಬೇಡ. ಉಟ್ಟದ್ದಲ್ಲದೆ ಒಂದು ಜೊತೆ ಬಟ್ಟೆ, ಬೇಗ ಒಣಗುವ ತೆಳ್ಳನೆಯ ಪಂಚೆ ಅಥವಾ ಟವೆಲು, ಮಳೆಯಂಗಿ, ಟಾರ್ಚು, ಔಷಧಿ, ಎರಡು ಬಾಟಲಿ ನೀರು, ಪಂಪು, ಪಂಕ್ಚರ್ ಹಾಕುವ ಸಾಮಾನು, ಒಂದು ಹೆಚ್ಚಿನ ಟ್ಯೂಬು. ಟ್ಯೂಬಿನ ವಿಷಯದಲ್ಲಿ ಎಚ್ಚರ. ಹೊಸ ಬಗೆಯ ಹಗುರ ಸೈಕಲ್ಲುಗಳ ತೆಳು ಚಕ್ರಕ್ಕೆ ಹೊಂದುವ ಟ್ಯೂಬು ಹಳ್ಳಿಯ ಪಂಕ್ಚರ್ ಅಂಗಡಿಯಲ್ಲಿ ಸಿಗುವುದಿಲ್ಲ. ಆರು ಮಂದಿಯ ಸೈಕಲ್ಲುಗಳ ಚಕ್ರ ಒಂದೇ ಅಳತೆಯವಾದರೆ ಎರಡು ಟ್ಯೂಬಿನಲ್ಲಿ ಎಲ್ಲರ ಕೆಲಸವಾಗುತ್ತದೆ. ಗಂಟನ್ನು ಬೆನ್ನಿಗೆ ಹಾಕದೆ ಹಿಂದಿನ ಕ್ಯಾರಿಯರಿಗೆ ಬಿಗಿಯಬೇಕು. ಬೆನ್ನ ಮೇಲಿನ ಚೀಲವು ಮೂವತ್ತು ಕಿಲೋಮೀಟರಿನಲ್ಲಿ ಹೆಗಲನ್ನು ಕೊಲ್ಲುತ್ತದೆ.

ನಮ್ಮ ಮನೆಗಳ ಮಕ್ಕಳಿಗೆ ಮತ್ತೊಂದು ವ್ಯವಸ್ಥೆ ಅಗತ್ಯ, ಅದನ್ನು ಯಾವ ಸೈಕಲ್ ಅಂಗಡಿಯವನೂ ಹೇಳಿಕೊಡನು. ಬೆಳ್ಳಿಯ ಕರಡಿಗೆಯು ಬಗ್ಗಿ ತುಳಿಯುವಾಗ ತೂಗಾಡಿ ಎದೆಗೆ ಬಡಿಯುತ್ತದೆ. ಇಷ್ಟಲಿಂಗವನ್ನು ಲಿಂಗವಸ್ತ್ರದಲ್ಲಿ ಕಟ್ಟಿ, ಶಿವದಾರವನ್ನು ಮೊಟಕುಮಾಡಿ, ಒಳ ಅಂಗಿಯ ಕೆಳಗೆ ಬಿಗಿಯಾಗಿ ಧರಿಸುವುದು ಹಿಂದೆ ನಡೆದು ತಿರುಗುತ್ತಿದ್ದ ಜಂಗಮರ ಕ್ರಮ. ಪೂಜೆಗೆ ವಿಭೂತಿಯ ಒಂದು ಗಟ್ಟಿ, ಅಂಗೈಯಗಲದ ಬಟ್ಟೆ, ಸಣ್ಣದೊಂದು ಲೋಟ ಸಾಕು. ಪತ್ರೆಯನ್ನು ದಾರಿಯೇ ಕೊಡುತ್ತದೆ, ಅಗ್ಘವಣಿಯನ್ನು ಯಾವ ಮನೆಯವರೂ ಇಲ್ಲವೆನ್ನರು. ಇವೆಲ್ಲ ಸೇರಿ ಕಾಲು ಕಿಲೋ ಆಗದು. ಪ್ರವಾಸದ ನೆವದಲ್ಲಿ ಪೂಜೆ ಬಿಟ್ಟುಹೋಗುವುದೆಂದು ಹೆದರಿದ ಹಿರಿಯರಿಗೆ ನಾವು ಕೊಟ್ಟ ಉತ್ತರ ಇದು.

ತಂಗುವ ವಿಷಯದಲ್ಲಿಯೇ ಹೆಚ್ಚು ವಾದವಾಯಿತು. "ನಮ್ಮ ಮಠಗಳಿರುವಾಗ ಲಾಡ್ಜಿಗೇಕೆ ದುಡ್ಡು?" ಎಂದರು ಒಬ್ಬರು. ಮಠದಲ್ಲಿ ಬೆಳೆದ ನಮಗೆ ಈ ಮಾತು ಸರಿಕಾಣಲಿಲ್ಲ. ದಾಸೋಹದ ಅನ್ನವು ಓದುವ ಬಡ ಮಕ್ಕಳಿಗೂ ದಣಿದ ಭಕ್ತರಿಗೂ ಮೀಸಲಾದದ್ದು. ಸಂಬಳ ತರುವ ಕೈಕಾಲು ಗಟ್ಟಿಯಿರುವವರು ಉಲ್ಲಾಸಕ್ಕಾಗಿ ಹೊರಟು ಅಲ್ಲಿ ಹಾಸಿಗೆ ಹಿಡಿಯುವುದು ಕಾಯಕ ತತ್ತ್ವಕ್ಕೆ ಒಪ್ಪುವುದಲ್ಲ. ದರ್ಶನಕ್ಕೆ ಹೋಗಲಿ, ಪ್ರಸಾದ ಸ್ವೀಕರಿಸಲಿ, ಪಂಕ್ತಿಯಲ್ಲಿ ಒಂದು ಹೊತ್ತು ಬಡಿಸಲಿ, ಕೈಲಾದ ಕಾಣಿಕೆ ಇಡಲಿ. ಮಲಗಲು ಬಾಡಿಗೆ ಕೊಟ್ಟು ಕೋಣೆ ಹಿಡಿಯಲಿ. ಮದುವೆಯ ಮುಹೂರ್ತಗಳಿರುವ ದಿನ ಸಣ್ಣ ಊರಿನ ಲಾಡ್ಜುಗಳೆಲ್ಲ ದಿಬ್ಬಣದವರಿಂದ ತುಂಬಿರುತ್ತವೆ. ಪಂಚಾಂಗ ನೋಡಿ ದಿನ ಗೊತ್ತುಮಾಡಬೇಕು. ಸೈಕಲ್ಲನ್ನು ಒಳಗೆ ನಿಲ್ಲಿಸಲು ಬಿಡುವರೇ ಎಂದು ಫೋನಿನಲ್ಲಿಯೇ ಕೇಳಿಕೊಳ್ಳಬೇಕು. ನೆಲಮಹಡಿಯ ಕೋಣೆಯಾದರೆ ಉತ್ತಮ. ಗುರುತಿನ ಚೀಟಿ ಎಲ್ಲರ ಬಳಿಯೂ ಇರಲಿ. ಹೆಣ್ಣುಮಕ್ಕಳು ತಂಗುವ ಕೋಣೆಯನ್ನು ಮನೆಯ ಹಿರಿಯರೊಬ್ಬರು ಮೊದಲೇ ಬಸ್ಸಿನಲ್ಲಿ ಹೋಗಿ ನೋಡಿಬಂದರೆ ಮನೆಯವರಿಗೂ ನೆಮ್ಮದಿ.

ಮಳವಳ್ಳಿ ತಾಲ್ಲೂಕಿಗೆ ಹೋದವರು ಧನಗೂರಿನ ಹೆಸರನ್ನು ತಿಳಿದಿರಬೇಕು. ಹದಿನೇಳನೆಯ ಶತಮಾನದಲ್ಲಿ ರಾಜಶೇಖರ ವಿಳಾಸವನ್ನೂ, ಬಸವಣ್ಣನವರ ಚರಿತ್ರೆಯಾದ ವೃಷಭೇಂದ್ರ ವಿಜಯವನ್ನೂ ರಚಿಸಿದ ಷಡಕ್ಷರದೇವನ ಊರು ಅದು. ಇದೇ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಗದ್ದುಗೆಯಿದೆ. ನೀಲಗಾರರು ಹಾಡುವ ಆ ಕಾವ್ಯದಲ್ಲಿ ಕಲ್ಯಾಣವೂ ಬಸವಣ್ಣನೂ ಬರುತ್ತಾರೆ, ನಮ್ಮ ಪಂಡಿತರು ಬಹುಕಾಲ ಅದಕ್ಕೆ ಕಿವಿಗೊಡಲಿಲ್ಲವಷ್ಟೆ.

ದ್ವೀಪದಲ್ಲಿ ಒಂದು ಪೂರ್ಣ ದಿನವಿರಲಿ. ಪೂರ್ಣಯ್ಯನವರ ಕಾಲದಲ್ಲಿ 1804ರಲ್ಲಿ ಕಟ್ಟಿದ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳಿಂದ ಆರಂಭಿಸಿ, ಕೋಟೆಯೊಳಗೆ ಗಂಗಾಧರೇಶ್ವರ, ರಂಗನಾಥ ದೇವಾಲಯಗಳು. ಆಮೇಲೆ 1784ರ ದರಿಯಾ ದೌಲತ್, ಗಂಜಾಮಿನ ನಿಮಿಷಾಂಬೆ, ಗುಂಬಜ್. ಕೊನೆಗೆ ಕವಲುಗಳೆರಡೂ ಒಂದಾಗುವ ಸಂಗಮ. ಎಲ್ಲವನ್ನೂ ಸೇರಿಸಿದರೂ ಹದಿನೈದು ಕಿಲೋಮೀಟರಿನ ಆಸುಪಾಸು. 1799ರ ಮೇ 4ರಂದು ಟಿಪ್ಪು ಮಡಿದ ತಾಣವನ್ನು ಎಲ್ಲರೂ ತೋರಿಸುತ್ತಾರೆ. ಇದೇ ಪಟ್ಟಣದಿಂದ ಆಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673–1704) ಕಂದಾಯದ ಹೊರೆ ತಾಳದೆ ರೈತರು ಎದ್ದುನಿಂತಾಗ ಜಂಗಮರು ಅವರೊಡನಿದ್ದರೆಂದೂ, ನಂಜನಗೂಡಿಗೆ ಕರೆಸಿ ನಾನೂರಕ್ಕೂ ಮಿಕ್ಕಿ ಜಂಗಮರನ್ನು ಕೊಲ್ಲಿಸಲಾಯಿತೆಂದೂ ಕರ್ನಲ್ ವಿಲ್ಕ್ಸ್ ತನ್ನ ಇತಿಹಾಸದಲ್ಲಿ ಬರೆದಿದ್ದಾನೆ. ಇದನ್ನು ಹೇಳುವ ಫಲಕವನ್ನು ನಾವು ಅಲ್ಲೆಲ್ಲೂ ಕಂಡಿಲ್ಲ. ನಮ್ಮ ಮಕ್ಕಳಿಗೆ ನಾವೇ ಹೇಳಬೇಕು.

ನೀರಿನ ವಿಷಯದಲ್ಲಿ ಮಾತ್ರ ನಾವು ಸಲಹೆ ಕೊಡಲಿಲ್ಲ, ವಚನ ತೆಗೆದುಕೊಂಡೆವು. ಹಲಗೂರಿನಿಂದ ತಿರುಗುವ ಮುತ್ತತ್ತಿಯಲ್ಲಿ ಈಜಲಿಳಿದು ಎಷ್ಟು ಮನೆಗಳ ದೀಪ ಆರಿವೆಯೆಂಬುದು ಬೆಂಗಳೂರಿನವರಿಗೆ ಗೊತ್ತಿದ್ದದ್ದೇ. ಕೃಷ್ಣರಾಜಸಾಗರದಿಂದ ನೀರು ಬಿಟ್ಟಾಗ ಶ್ರೀರಂಗಪಟ್ಟಣದ ಕವಲುಗಳೂ ಉಕ್ಕುತ್ತವೆ. ಸ್ನಾನಘಟ್ಟದ ಮೆಟ್ಟಿಲಿನಲ್ಲಿ ಕುಳಿತು ಚೊಂಬಿನಿಂದ ಮೀಯುವುದು, ಅಷ್ಟೆ.

ಹಿಂದಿರುಗುವಾಗ ಮೈಸೂರಿಗೆ ಹದಿನೈದು ಕಿಲೋಮೀಟರು ತುಳಿದು, ರೈಲ್ವೆಯ ಪಾರ್ಸೆಲ್ ಕಚೇರಿಯಲ್ಲಿ ಸೈಕಲ್ಲುಗಳನ್ನು ನೋಂದಾಯಿಸಿ ರೈಲಿನಲ್ಲಿ ಬರಬಹುದು. ದಾರಿಯಲ್ಲಿ ರಂಗನತಿಟ್ಟಿನ ಹಕ್ಕಿಗಳನ್ನು ನೋಡಲು ಒಂದು ಬೆಳಗು ಇಟ್ಟುಕೊಳ್ಳಲಿ. ಅಮಾವಾಸ್ಯೆಯಂದು ನಿಮಿಷಾಂಬೆಗೂ, ರಥಸಪ್ತಮಿಗೆ ರಂಗನಾಥನ ತೇರಿಗೂ ಜನ ಕಿಕ್ಕಿರಿಯುವುದರಿಂದ ಆ ದಿನಗಳು ಬೇಡ. ಸಂಕ್ರಾಂತಿ ಕಳೆದು ಹೊರಡುವುದೆಂದು ಆರು ಮಂದಿಯೂ ನಿಶ್ಚಯಿಸಿದ್ದಾರೆ. ಅವರಲ್ಲಿ ಇಬ್ಬರಿಗೆ ಮನೆಯವರ ಒಪ್ಪಿಗೆ ಇನ್ನೂ ದೊರೆಯಬೇಕಾಗಿದೆ.